ಕಾರ್ಬ್ಯುರೇಟರ್ ಪರಿವರ್ತನೆ (ಮೋಟಾರ್‌ಸೈಕಲ್)

ಕಾರ್ಬ್ಯುರೇಟರ್ ಪರಿವರ್ತನೆ ಎಂಬುದು ಫ್ಯೂಯೆಲ್ ಇಂಜೆಕ್ಷನ್ (ಇಂಧನ ಅಂತಃಕ್ಷೇಪಣ) ವ್ಯವಸ್ಥೆಯೊಂದಿಗೆ ತಯಾರಾದ ಮೋಟಾರ್‌ಸೈಕಲ್‌ನಿಂದ ಆ ವ್ಯವಸ್ಥೆಯನ್ನು ತೆಗೆದು, ಅದರ ಸ್ಥಾನದಲ್ಲಿ ಕಾರ್ಬ್ಯುರೇಟರನ್ನು ಅಳವಡಿಸುವ ಕಾರ್ಯವಾಗಿದೆ. ದುರಸ್ತಿಯ ವೆಚ್ಚವನ್ನು ತಗ್ಗಿಸುವುದು, ಬ್ಯಾಟರಿಯ ಮೇಲಿನ ಅವಲಂಬನೆಯನ್ನು ಕಡಿಮೆ ಮಾಡುವುದು ಮತ್ತು ಸ್ಥಳೀಯ ಮೆಕ್ಯಾನಿಕ್‌ಗಳಿಗೆ ಪರಿಚಿತವಾದ ಬಿಡಿಭಾಗಗಳಿಂದ ವಾಹನವನ್ನು ನಡೆಸುವುದು ಇದರ ಸಾಮಾನ್ಯ ಉದ್ದೇಶಗಳು. ಮೇಲ್ನೋಟಕ್ಕೆ ಒಂದು ಭಾಗವನ್ನು ತೆಗೆದು ಇನ್ನೊಂದನ್ನು ಹಾಕುವ ಕೆಲಸದಂತೆ ಕಂಡರೂ, ಇದು ಇಂಧನದ ಟ್ಯಾಂಕ್, ಕಿಡಿ ವ್ಯವಸ್ಥೆ, ವೈರಿಂಗ್ ಮತ್ತು ಹೊಗೆ ನಿಯಂತ್ರಣ ಭಾಗಗಳೆಲ್ಲವನ್ನೂ ಒಳಗೊಳ್ಳುತ್ತದೆ. ಭಾರತದಲ್ಲಿ ಇಂತಹ ಬದಲಾವಣೆಯು ಮೋಟಾರು ವಾಹನಗಳ ಕಾಯ್ದೆಯ ನಿರ್ಬಂಧಕ್ಕೂ ಒಳಪಡುತ್ತದೆ.

ಎರಡು ವ್ಯವಸ್ಥೆಗಳ ಕಾರ್ಯವಿಧಾನ

ಪೆಟ್ರೋಲ್ ಎಂಜಿನ್ ಸರಿಯಾಗಿ ನಡೆಯಲು ಗಾಳಿ ಮತ್ತು ಇಂಧನ ನಿರ್ದಿಷ್ಟ ಪ್ರಮಾಣದಲ್ಲಿ ಬೆರೆಯಬೇಕು. ಶುದ್ಧ ಪೆಟ್ರೋಲಿನ ಸಂಪೂರ್ಣ ದಹನಕ್ಕೆ ತೂಕದ ಲೆಕ್ಕದಲ್ಲಿ ಒಂದು ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ ಬೇಕಾಗುತ್ತದೆ. ಎಂಜಿನ್ ತಣ್ಣಗಿರುವಾಗ ಮತ್ತು ಪೂರ್ಣ ಶಕ್ತಿ ಬೇಕಾದಾಗ ಇಂಧನದ ಪಾಲು ಇದಕ್ಕಿಂತ ಹೆಚ್ಚಿರಬೇಕು.

ಕಾರ್ಬ್ಯುರೇಟರ್ ಈ ಕೆಲಸವನ್ನು ಕೇವಲ ಗಾಳಿಯ ಒತ್ತಡದ ವ್ಯತ್ಯಾಸದಿಂದ ನಿರ್ವಹಿಸುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿಯು ವೆಂಚುರಿ ಎಂಬ ಕಿರಿದಾದ ಕಂಠದ ಮೂಲಕ ಹಾಯುವಾಗ ಅದರ ವೇಗ ಹೆಚ್ಚಿ ಒತ್ತಡ ಕುಸಿಯುತ್ತದೆ. ಆಗ ಕೆಳಗಿನ ಫ್ಲೋಟ್ ಬಟ್ಟಲಿನಲ್ಲಿರುವ ಪೆಟ್ರೋಲ್ ಜೆಟ್‌ಗಳ ಮೂಲಕ ಮೇಲೇರಿ ಗಾಳಿಯೊಂದಿಗೆ ಬೆರೆಯುತ್ತದೆ. ಎಂಜಿನ್ ನಿಧಾನಗತಿಯಲ್ಲಿದ್ದಾಗ ಪೈಲಟ್ ಜೆಟ್, ಮಧ್ಯಮ ಗತಿಯಲ್ಲಿ ಸೂಜಿ ಮತ್ತು ಪೂರ್ಣ ಗತಿಯಲ್ಲಿ ಮೇನ್ ಜೆಟ್ ಇಂಧನದ ಪ್ರಮಾಣವನ್ನು ನಿರ್ಧರಿಸುತ್ತವೆ. ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಪೆಟ್ರೋಲ್ ತನ್ನ ಭಾರದಿಂದಲೇ ಇಳಿದುಬರುವುದರಿಂದ ಪಂಪಿನ ಅವಶ್ಯಕತೆ ಇರುವುದಿಲ್ಲ.

ಫ್ಯೂಯೆಲ್ ಇಂಜೆಕ್ಷನ್ ವ್ಯವಸ್ಥೆಯಲ್ಲಿ ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಪೆಟ್ರೋಲನ್ನು ಸಾಮಾನ್ಯವಾಗಿ 2.5ರಿಂದ 3 ಬಾರ್ ಒತ್ತಡದಲ್ಲಿ ಇಂಜೆಕ್ಟರಿಗೆ ತಲುಪಿಸುತ್ತದೆ. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಇಸಿಯು ಎಂಬ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕವು ಲೆಕ್ಕ ಹಾಕುತ್ತದೆ. ಥ್ರಾಟಲ್‌ನ ಸ್ಥಾನ, ಒಳಹರಿಯುವ ಗಾಳಿಯ ಒತ್ತಡ ಮತ್ತು ಉಷ್ಣತೆ, ಎಂಜಿನ್ನಿನ ಉಷ್ಣತೆ, ಕ್ರ್ಯಾಂಕ್‌ಶಾಫ್ಟ್‌ನ ಸ್ಥಾನ ಹಾಗೂ ಸೈಲೆನ್ಸರ್ ಕೊಳವೆಯಲ್ಲಿನ ಆಮ್ಲಜನಕದ ಪ್ರಮಾಣವನ್ನು ಅಳೆಯುವ ಸಂವೇದಕಗಳು ಇದಕ್ಕೆ ಮಾಹಿತಿ ಒದಗಿಸುತ್ತವೆ. ಬಹುತೇಕ ಮಾದರಿಗಳಲ್ಲಿ ಪ್ಲಗ್‌ನ ಕಿಡಿ ಹಾರುವ ಕ್ಷಣವನ್ನೂ ಇದೇ ಘಟಕ ನಿರ್ಧರಿಸುತ್ತದೆ. ಪರಿವರ್ತನೆಯ ಹೆಚ್ಚಿನ ತೊಡಕುಗಳಿಗೆ ಈ ಅಂಶವೇ ಮೂಲ.

ಇತಿಹಾಸ

ಎಲೆಕ್ಟ್ರಾನಿಕ್ ಫ್ಯೂಯೆಲ್ ಇಂಜೆಕ್ಷನ್ ಹೊಂದಿದ ಮೊದಲ ಸಾಮೂಹಿಕ ಉತ್ಪಾದನೆಯ ಮೋಟಾರ್‌ಸೈಕಲ್ 1980ರ ಕವಾಸಾಕಿ ಝಡ್1000-ಎಚ್1. ಭಾರತದಲ್ಲಿ 2006ರ ಹೀರೋ ಹೋಂಡಾ ಗ್ಲಾಮರ್ ಎಫ್‌ಐ, 2007ರ ಬಜಾಜ್ ಪಲ್ಸರ್ 220 ಡಿಟಿಎಸ್-ಎಫ್‌ಐ ಮತ್ತು 2008ರ ಯಮಹಾ ವೈಝಡ್‌ಎಫ್-ಆರ್15 ಈ ತಂತ್ರಜ್ಞಾನವನ್ನು ಸಾಮಾನ್ಯ ಸವಾರರಿಗೆ ಪರಿಚಯಿಸಿದವು.

ಫ್ಯೂಯೆಲ್ ಇಂಜೆಕ್ಷನ್‌ನಿಂದ ಕಾರ್ಬ್ಯುರೇಟರಿಗೆ ಮರಳಿದ ಅತ್ಯಂತ ಪ್ರಸಿದ್ಧ ಭಾರತೀಯ ಉದಾಹರಣೆಯು ಗ್ಯಾರೇಜಿನಲ್ಲಿ ಅಲ್ಲ, ಕಾರ್ಖಾನೆಯಲ್ಲಿಯೇ ನಡೆದುದಾಗಿದೆ. ಬಜಾಜ್ ಸಂಸ್ಥೆಯು 2009ರಲ್ಲಿ ಪಲ್ಸರ್ 220ರ ಇಂಜೆಕ್ಷನ್ ವ್ಯವಸ್ಥೆಯನ್ನು ಕೈಬಿಟ್ಟು, ಅದೇ ಮೋಟಾರ್‌ಸೈಕಲ್ಲನ್ನು ಕಾರ್ಬ್ಯುರೇಟರ್‌ನೊಂದಿಗೆ ಡಿಟಿಎಸ್-ಐ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದರ ಬೆಲೆ ಮೊದಲಿನದಕ್ಕಿಂತ ಇಳಿಯಿತು. ಘೋಷಿತ ಶಕ್ತಿಯು ಸುಮಾರು 20 ಪಿಎಸ್‌ನಿಂದ 21 ಪಿಎಸ್‌ಗೆ ಏರಿತು. ಕಾರ್ಬ್ಯುರೇಟರ್ ಎಂದರೆ ಕಡಿಮೆ ಶಕ್ತಿ ಎಂಬ ಅಭಿಪ್ರಾಯ ಯಾವಾಗಲೂ ನಿಜವಲ್ಲ ಎಂಬುದಕ್ಕೆ ಇದನ್ನು ಉದಾಹರಿಸಲಾಗುತ್ತದೆ. ಆದರೆ ಅಲ್ಲಿ ತಯಾರಕರೇ ಕಿಡಿಯ ಕಾಲ, ಗಾಳಿಯ ಮಾರ್ಗ ಮತ್ತು ಜೆಟ್‌ಗಳನ್ನು ಎಂಜಿನ್ನಿಗೆ ತಕ್ಕಂತೆ ಹೊಂದಿಸಿ, ಅಂದಿನ ಹೊಗೆ ಮಾನದಂಡಗಳಿಗೆ ಅನುಮೋದನೆ ಪಡೆದಿದ್ದರು ಎಂಬುದು ಗಮನಾರ್ಹ. ಬಿಎಸ್-6 ಮಾನದಂಡ ಜಾರಿಗೆ ಬಂದಾಗ ಇದೇ ಮಾದರಿ ಮತ್ತೆ ಫ್ಯೂಯೆಲ್ ಇಂಜೆಕ್ಷನ್‌ಗೆ ಮರಳಿತು.

2016ರಲ್ಲಿ ಬಂದ ಟಿವಿಎಸ್ ಅಪಾಚೆ ಆರ್‌ಟಿಆರ್ 200 4ವಿ ಮತ್ತು 2018ರ ಆರ್‌ಟಿಆರ್ 160 4ವಿ ಮಾದರಿಗಳನ್ನು ಎರಡೂ ವ್ಯವಸ್ಥೆಗಳಲ್ಲಿ ಮಾರಲಾಗುತ್ತಿತ್ತು. ಇಂತಹ ಅವಳಿ ಮಾದರಿಗಳಲ್ಲಿ ತಯಾರಕರದೇ ಕಾರ್ಬ್ಯುರೇಟರ್ ಆವೃತ್ತಿಯ ಬಿಡಿಭಾಗಗಳು ದೊರೆಯುವುದರಿಂದ ಪರಿವರ್ತನೆ ತಾಂತ್ರಿಕವಾಗಿ ಸುಲಭ.

2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್-6 ಮಾನದಂಡ ದೇಶದಾದ್ಯಂತ ಜಾರಿಗೆ ಬಂದಿತು. ಇದರ ಪ್ರಕಾರ ಪೆಟ್ರೋಲ್ ದ್ವಿಚಕ್ರ ವಾಹನವು ಪ್ರತಿ ಕಿಲೋಮೀಟರಿಗೆ ಇಂಗಾಲದ ಮೊನಾಕ್ಸೈಡನ್ನು 1 ಗ್ರಾಂ, ಹೈಡ್ರೋಕಾರ್ಬನ್‌ಗಳನ್ನು 0.1 ಗ್ರಾಂ ಮತ್ತು ನೈಟ್ರೋಜನ್ ಆಕ್ಸೈಡ್‌ಗಳನ್ನು 0.06 ಗ್ರಾಂ ಮೀರಿ ಹೊರಸೂಸುವಂತಿಲ್ಲ. ಸಾಮಾನ್ಯ ಕಾರ್ಬ್ಯುರೇಟರಿನಿಂದ ಈ ಮಿತಿಯನ್ನು ತಲುಪುವುದು ಕಷ್ಟವಾದ್ದರಿಂದ, ಚಿಕ್ಕ ಮೋಟಾರ್‌ಸೈಕಲ್‌ಗಳಿಂದ ಸ್ಕೂಟರ್‌ಗಳವರೆಗೆ ಬಹುತೇಕ ಎಲ್ಲ ಹೊಸ ವಾಹನಗಳೂ ಫ್ಯೂಯೆಲ್ ಇಂಜೆಕ್ಷನ್‌ಗೆ ಬದಲಾದವು. ಪರಿವರ್ತನೆಯ ಪ್ರಶ್ನೆಯು ಹಳ್ಳಿಯ ಗ್ಯಾರೇಜುಗಳವರೆಗೂ ತಲುಪಿದ್ದು ಈ ಬದಲಾವಣೆಯ ನಂತರವೇ.

ಪರಿವರ್ತನೆಗೆ ಕಾರಣಗಳು

ಪರಿವರ್ತನೆಯನ್ನು ಬಯಸುವವರು ಸಾಮಾನ್ಯವಾಗಿ ಈ ಕಾರಣಗಳನ್ನು ನೀಡುತ್ತಾರೆ:

- ಪಂಪು, ಇಸಿಯು ಅಥವಾ ಥ್ರಾಟಲ್ ಬಾಡಿ ಕೆಟ್ಟಾಗ ಅದನ್ನು ಇಡಿಯಾಗಿ ಬದಲಿಸಬೇಕಾಗುವುದು ಮತ್ತು ಅದರ ಬೆಲೆ ಹೆಚ್ಚಿರುವುದು.
- ಬ್ಯಾಟರಿ ಪೂರ್ಣ ಇಳಿದಾಗ ಪಂಪು ಒತ್ತಡ ನೀಡದೆ ವಾಹನ ಚಾಲೂ ಆಗದಿರುವುದು.
- ದೋಷ ಪತ್ತೆಯ ಉಪಕರಣಗಳು ಅಧಿಕೃತ ಸೇವಾ ಕೇಂದ್ರಗಳಿಗೆ ಸೀಮಿತವಾಗಿರುವುದು.
- ಕಾರ್ಬ್ಯುರೇಟರನ್ನು ರಸ್ತೆಯ ಬದಿಯಲ್ಲಿಯೇ ಬಿಚ್ಚಿ ಸ್ವಚ್ಛಗೊಳಿಸಬಹುದಾದುದು.
- ಮಾದರಿಯ ಉತ್ಪಾದನೆ ನಿಂತು ಅದರ ಇಂಜೆಕ್ಷನ್ ಭಾಗಗಳು ಸಿಗದಿರುವುದು.

ಇವುಗಳಲ್ಲಿ ಕೊನೆಯದು ಹಳೆಯ ಮಾದರಿಗಳ ಮಾಲೀಕರಿಗೆ ನಿಜವಾದ ಸಮಸ್ಯೆಯಾಗಿದೆ. ಉಳಿದವುಗಳಲ್ಲಿ ಹಲವು ದೋಷಗಳನ್ನು ಪರಿವರ್ತನೆ ಇಲ್ಲದೆಯೇ ಕಡಿಮೆ ಖರ್ಚಿನಲ್ಲಿ ಸರಿಪಡಿಸಬಹುದು.

ಪರಿವರ್ತನೆಯ ಹಂತಗಳು

ಇಂಧನ ಪೂರೈಕೆ: ಇಂಜೆಕ್ಷನ್ ಮಾದರಿಯ ಟ್ಯಾಂಕಿನಲ್ಲಿ ಪೆಟ್ರೋಲ್ ಕಾಕ್ ಇರುವುದಿಲ್ಲ. ಪಂಪನ್ನು ಹೊರತೆಗೆದಾಗ ಟ್ಯಾಂಕಿನಲ್ಲಿ ಉಳಿಯುವ ದೊಡ್ಡ ರಂಧ್ರವನ್ನು ಲೋಹದ ತಟ್ಟೆ ಮತ್ತು ಗ್ಯಾಸ್ಕೆಟ್‌ನಿಂದ ಮುಚ್ಚಿ, ಆ ತಟ್ಟೆಗೆ ಕಾಕ್ ಜೋಡಿಸಲಾಗುತ್ತದೆ. ಇಲ್ಲವೇ ಕಾರ್ಬ್ಯುರೇಟರ್ ಆವೃತ್ತಿಯ ಟ್ಯಾಂಕನ್ನೇ ಬಳಸಲಾಗುತ್ತದೆ. ಈ ಜೋಡಣೆಯು ಬಿಸಿ ಎಂಜಿನ್ನಿನ ಮೇಲ್ಭಾಗದಲ್ಲಿ ಬರುವುದರಿಂದ ಇಲ್ಲಿನ ಸೋರಿಕೆಯು ಬೆಂಕಿಯ ಅಪಾಯವನ್ನು ಉಂಟುಮಾಡುತ್ತದೆ. ಪೆಟ್ರೋಲ್ ಇದ್ದ ಟ್ಯಾಂಕಿಗೆ ವೆಲ್ಡಿಂಗ್ ಮಾಡುವುದು ಇನ್ನೂ ಅಪಾಯಕಾರಿ. ಖಾಲಿಯಂತೆ ಕಾಣುವ ಟ್ಯಾಂಕಿನಲ್ಲಿಯೂ ಉಳಿದ ಆವಿ ಸ್ಫೋಟಿಸಬಲ್ಲದು.

ಪಂಪಿನ ಘಟಕದಲ್ಲಿಯೇ ಇಂಧನದ ಮಟ್ಟ ತೋರಿಸುವ ಫ್ಲೋಟ್ ಇರುವ ಮಾದರಿಗಳಲ್ಲಿ, ಪಂಪು ತೆಗೆದ ನಂತರ ಪೆಟ್ರೋಲ್ ಮುಳ್ಳು ಕೆಲಸ ಮಾಡುವುದಿಲ್ಲ.

ಕಾರ್ಬ್ಯುರೇಟರಿನ ಆಯ್ಕೆ: ಕಾರ್ಬ್ಯುರೇಟರಿನ ಕಂಠದ ಅಳತೆ ಎಂಜಿನ್ನಿಗೆ ಹೊಂದಬೇಕು. 150 ಸಿಸಿ ವರ್ಗದ ಮೋಟಾರ್‌ಸೈಕಲ್‌ಗಳಲ್ಲಿ 26 ಮಿಲಿಮೀಟರಿನ ಆಸುಪಾಸಿನ ಕಾರ್ಬ್ಯುರೇಟರ್‌ಗಳು ಸಾಮಾನ್ಯವಾಗಿದ್ದವು. ಅತಿ ದೊಡ್ಡ ಕಾರ್ಬ್ಯುರೇಟರ್ ಹಾಕಿದರೆ ಕಂಠದಲ್ಲಿ ಗಾಳಿಯ ವೇಗ ಕುಗ್ಗಿ, ಕಡಿಮೆ ಗತಿಯಲ್ಲಿ ಎಂಜಿನ್ ತಡವರಿಸುತ್ತದೆ. ಎಂಜಿನ್ ಮತ್ತು ಕಾರ್ಬ್ಯುರೇಟರ್ ನಡುವಿನ ರಬ್ಬರ್ ಮ್ಯಾನಿಫೋಲ್ಡ್, ಏರ್ ಫಿಲ್ಟರಿನ ಕೊಳವೆ, ಆಕ್ಸಿಲರೇಟರ್ ಕೇಬಲ್ ಮತ್ತು ಚೋಕ್ ಕೂಡ ಬದಲಾಗಬೇಕಾಗುತ್ತದೆ. ಇಂಜೆಕ್ಟರ್ ಕುಳಿತಿದ್ದ ರಂಧ್ರವು ಉಳಿದರೆ ಅದರಿಂದ ಹೆಚ್ಚುವರಿ ಗಾಳಿ ಒಳನುಗ್ಗಿ ಮಿಶ್ರಣ ಕೆಡುತ್ತದೆ.

ಕಿಡಿ ವ್ಯವಸ್ಥೆ: ಇಸಿಯುವನ್ನು ತೆಗೆದರೆ ಕಿಡಿಯ ಕಾಲವನ್ನು ನಿರ್ಧರಿಸುವ ಭಾಗವೂ ಇಲ್ಲವಾಗುತ್ತದೆ. ಅದರ ಬದಲಿಗೆ ಸಿಡಿಐ ಅಥವಾ ಅಂತಹುದೇ ಸ್ವತಂತ್ರ ಕಿಡಿ ಘಟಕ ಬೇಕು. ಆದರೆ ಇಂಜೆಕ್ಷನ್ ಎಂಜಿನ್ನಿನ ಮ್ಯಾಗ್ನೆಟ್ ಚಕ್ರದ ಮೇಲೆ ಅನೇಕ ಹಲ್ಲುಗಳಿದ್ದು, ಸಾಮಾನ್ಯ ಸಿಡಿಐ ಒಂದೇ ಗುರುತಿನ ಸಂಕೇತವನ್ನು ನಿರೀಕ್ಷಿಸುತ್ತದೆ. ಆದ್ದರಿಂದ ಮ್ಯಾಗ್ನೆಟ್ ಮತ್ತು ಪಿಕಪ್ ಕಾಯಿಲ್ ಎರಡನ್ನೂ ಕಾರ್ಬ್ಯುರೇಟರ್ ಆವೃತ್ತಿಯದಕ್ಕೆ ಬದಲಿಸಬೇಕು, ಇಲ್ಲವೇ ಹಲವು ಹಲ್ಲುಗಳ ಸಂಕೇತವನ್ನು ಓದಬಲ್ಲ ಘಟಕವನ್ನು ಬಳಸಬೇಕು. ಕಿಡಿಯ ಕಾಲ ತಪ್ಪಿದರೆ ಎಂಜಿನ್ ಬಡಿತ, ಅತಿಯಾದ ಬಿಸಿ ಮತ್ತು ಪಿಸ್ಟನ್ ಹಾನಿ ಸಂಭವಿಸಬಹುದು. ಕೆಲವರು ಇಸಿಯುವನ್ನು ಕಿಡಿಗಾಗಿ ಮಾತ್ರ ಉಳಿಸಿಕೊಳ್ಳುತ್ತಾರೆ. ಆಗ ಅದಕ್ಕೆ ಬೇಕಾದ ಸಂವೇದಕಗಳೂ ಉಳಿಯಬೇಕಾಗಿ, ಸರಳತೆಯ ಉದ್ದೇಶ ಅರ್ಧಕ್ಕೇ ನಿಲ್ಲುತ್ತದೆ.

ವೈರಿಂಗ್ ಮತ್ತು ಸುರಕ್ಷಾ ಭಾಗಗಳು: ವಾಹನ ಉರುಳಿಬಿದ್ದಾಗ ಎಂಜಿನ್ನನ್ನು ನಿಲ್ಲಿಸುವ ಸಂವೇದಕ ಮತ್ತು ಸೈಡ್ ಸ್ಟ್ಯಾಂಡ್ ಸ್ವಿಚ್ ಅನೇಕ ಮಾದರಿಗಳಲ್ಲಿ ಇಸಿಯು ಮೂಲಕ ಕೆಲಸ ಮಾಡುತ್ತವೆ. ಪರಿವರ್ತನೆಯ ನಂತರ ಈ ರಕ್ಷಣೆಗಳು ಇಲ್ಲವಾಗುತ್ತವೆ. ಕೆಲವು ಮಾದರಿಗಳಲ್ಲಿ ಮೀಟರ್ ಫಲಕವೂ ಇಸಿಯುವಿನಿಂದ ಮಾಹಿತಿ ಪಡೆಯುವುದರಿಂದ ಎಂಜಿನ್ ಎಚ್ಚರಿಕೆ ದೀಪ ನಿರಂತರವಾಗಿ ಉರಿಯಬಹುದು.

ಹೊಂದಾಣಿಕೆ: ಎಂಜಿನ್ ಬಿಸಿಯಾದ ನಂತರ ಪೈಲಟ್ ತಿರುಪಿನಿಂದ ನಿಧಾನಗತಿಯನ್ನು ಹೊಂದಿಸಲಾಗುತ್ತದೆ. ತಿರುಪು ಎಂಜಿನ್ ಕಡೆಗಿದ್ದರೆ ಅದನ್ನು ಹೊರತಿರುಗಿಸಿದಾಗ ಇಂಧನ ಹೆಚ್ಚುತ್ತದೆ. ಏರ್ ಫಿಲ್ಟರ್ ಕಡೆಗಿದ್ದರೆ ಹೊರತಿರುಗಿಸಿದಾಗ ಗಾಳಿ ಹೆಚ್ಚುತ್ತದೆ. ಸೂಜಿಯ ಕ್ಲಿಪ್ಪನ್ನು ಕೆಳಗಿನ ಗೀರಿಗೆ ಇಳಿಸಿದರೆ ಸೂಜಿ ಮೇಲೇರಿ ಮಧ್ಯಮ ಗತಿಯಲ್ಲಿ ಇಂಧನ ಹೆಚ್ಚುತ್ತದೆ. ಪ್ಲಗ್‌ನ ಬಣ್ಣವು ಮಿಶ್ರಣದ ಸ್ಥೂಲ ಸೂಚಕವಾಗಿದೆ: ತೆಳು ಕಂದು ಬಣ್ಣ ಸರಿಯಾದ ಮಿಶ್ರಣವನ್ನೂ, ಕಪ್ಪು ಮಸಿ ಹೆಚ್ಚಿನ ಇಂಧನವನ್ನೂ, ಸುಣ್ಣದಂತಹ ಬಿಳುಪು ಕಡಿಮೆ ಇಂಧನವನ್ನೂ ಸೂಚಿಸುತ್ತವೆ.

ಹೊಗೆ ನಿಯಂತ್ರಣದ ಮೇಲಿನ ಪರಿಣಾಮ

ಸೈಲೆನ್ಸರ್‌ನೊಳಗಿನ ಮೂರು-ಮಾರ್ಗದ ಕ್ಯಾಟಲಿಟಿಕ್ ಕನ್ವರ್ಟರ್ ಗಾಳಿ-ಇಂಧನ ಪ್ರಮಾಣವು ಆದರ್ಶ ಬಿಂದುವಿನ ಹತ್ತಿರದ ಕಿರಿದಾದ ವ್ಯಾಪ್ತಿಯಲ್ಲಿರುವಾಗ ಮಾತ್ರ ಪೂರ್ಣವಾಗಿ ಕೆಲಸ ಮಾಡುತ್ತದೆ. ಆಮ್ಲಜನಕ ಸಂವೇದಕದ ಸೂಚನೆಯಂತೆ ಇಸಿಯು ಈ ಪ್ರಮಾಣವನ್ನು ಮತ್ತೆ ಮತ್ತೆ ತಿದ್ದುತ್ತಿರುತ್ತದೆ. ಸಾಮಾನ್ಯ ಕಾರ್ಬ್ಯುರೇಟರಿಗೆ ಈ ತಿದ್ದುಪಡಿ ಸಾಧ್ಯವಿಲ್ಲ. ಇಂಧನ ಹೆಚ್ಚಿದ ಮಿಶ್ರಣ ಅಥವಾ ಕಿಡಿ ತಪ್ಪುವಿಕೆಯಿಂದ ಉರಿಯದ ಪೆಟ್ರೋಲ್ ಕನ್ವರ್ಟರ್ ತಲುಪಿದರೆ ಅದು ಅತಿಯಾಗಿ ಬಿಸಿಯಾಗಿ ಹಾಳಾಗುತ್ತದೆ. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಯ ಕೊಳವೆಗಳನ್ನು ಪರಿವರ್ತನೆಯ ವೇಳೆ ಕಿತ್ತುಹಾಕಿದರೆ ಆವಿ ನೇರವಾಗಿ ಹೊರಗಿನ ಗಾಳಿಗೆ ಸೇರುತ್ತದೆ.

ಎಥನಾಲ್ ಮಿಶ್ರಿತ ಪೆಟ್ರೋಲ್

ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. ಈ ಇಂಧನವು ಪರಿವರ್ತನೆಯ ಲೆಕ್ಕಾಚಾರವನ್ನು ಬದಲಿಸುತ್ತದೆ. ಎಥನಾಲಿನ ಸಂಪೂರ್ಣ ದಹನಕ್ಕೆ ಅದರ ತೂಕದ ಸುಮಾರು 9 ಪಟ್ಟು ಗಾಳಿ ಸಾಕು. ಇ20ಗೆ ಈ ಪ್ರಮಾಣ ಸುಮಾರು 13.5 ಆಗುತ್ತದೆ. ಅಂದರೆ ಅಷ್ಟೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ಶೇಕಡಾ 8–9ರಷ್ಟು ಹೆಚ್ಚು ಇಂಧನ ಹರಿಯಬೇಕು. ಆಮ್ಲಜನಕ ಸಂವೇದಕವಿರುವ ಇಂಜೆಕ್ಷನ್ ವಾಹನವು ಇದನ್ನು ಬಹುಮಟ್ಟಿಗೆ ತಾನಾಗಿಯೇ ಸರಿದೂಗಿಸುತ್ತದೆ. ಆದರೆ ಹಳೆಯ ಪೆಟ್ರೋಲಿಗಾಗಿ ಜೆಟ್ ಮಾಡಲಾದ ಕಾರ್ಬ್ಯುರೇಟರ್ ಇ20ರೊಂದಿಗೆ ಇಂಧನ ಕೊರತೆಯಲ್ಲಿ ನಡೆಯುತ್ತದೆ. ಎಂಜಿನ್ ಹೆಚ್ಚು ಬಿಸಿಯಾಗುವುದು, ತಣ್ಣಗಿರುವಾಗ ಚಾಲೂ ಆಗಲು ತಡವಾಗುವುದು ಮತ್ತು ಆಕ್ಸಿಲರೇಟರ್ ಕೊಟ್ಟಾಗ ಎಳೆಯದಿರುವುದು ಇದರ ಲಕ್ಷಣಗಳು. ಜೆಟ್‌ನ ರಂಧ್ರದ ವ್ಯಾಸವನ್ನು ಸುಮಾರು ಶೇಕಡಾ 4ರಷ್ಟು ಹಿಗ್ಗಿಸಿದರೆ ಅದರ ವಿಸ್ತೀರ್ಣ ಸುಮಾರು ಶೇಕಡಾ 8ರಷ್ಟು ಹೆಚ್ಚುವುದರಿಂದ, ಒಂದೆರಡು ಅಳತೆ ದೊಡ್ಡದಾದ ಜೆಟ್ ಸಾಮಾನ್ಯವಾಗಿ ಸಾಕಾಗುತ್ತದೆ.

ಎಥನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನೀರಿನ ಅಂಶ ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತವೆ. ಕಾರ್ಬ್ಯುರೇಟರಿನ ಬಟ್ಟಲು ಹೊರಗಿನ ಗಾಳಿಗೆ ತೆರೆದುಕೊಂಡಿರುವುದರಿಂದ, ವಾರಗಟ್ಟಲೆ ನಿಂತ ವಾಹನದಲ್ಲಿ ಜೆಟ್‌ಗಳು ಕಟ್ಟಿಕೊಳ್ಳುವುದು ಮತ್ತು ಲೋಹ ಸವೆಯುವುದು ಸಾಧ್ಯ. ಹಳೆಯ ಕಾರ್ಬ್ಯುರೇಟರ್‌ಗಳ ರಬ್ಬರ್ ಭಾಗಗಳು ಎಥನಾಲಿನಿಂದ ಉಬ್ಬಿ ಬಿರುಕುಬಿಡಬಹುದು. ಫ್ಲೋಟ್ ಸೂಜಿಯ ತುದಿ ಹೀಗೆ ಹಾಳಾದರೆ ಪೆಟ್ರೋಲ್ ಉಕ್ಕಿ ಹರಿಯುತ್ತದೆ; ಕಾಕ್ ಮುಚ್ಚದೆ ನಿಲ್ಲಿಸಿದ ವಾಹನದಲ್ಲಿ ಅದು ಸಿಲಿಂಡರಿಗೆ ಇಳಿದು ಎಂಜಿನ್ ಆಯಿಲ್‌ಗೂ ಸೇರಬಹುದು.

ಕಾನೂನು

ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಪ್ರಕರಣದ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಈ ಪ್ರಕರಣವನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. 2019ರ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣವು ಅನುಮತಿಯಿಲ್ಲದೆ ವಾಹನ ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ವಾಯು ಮಾಲಿನ್ಯದ ಮಾನದಂಡಗಳನ್ನು ಉಲ್ಲಂಘಿಸುವ ವಾಹನ ಚಾಲನೆಗೆ 190ನೇ ಪ್ರಕರಣದಡಿ ಪ್ರತ್ಯೇಕ ಶಿಕ್ಷೆಯಿದೆ.

ಹೊಗೆ ತಪಾಸಣಾ ಕೇಂದ್ರದ ಪರೀಕ್ಷೆಯು ನಿಂತ ವಾಹನದ ನಿಧಾನಗತಿಯ ಹೊಗೆಯನ್ನು ಮಾತ್ರ ಅಳೆಯುತ್ತದೆ. ಆದ್ದರಿಂದ ಪರಿವರ್ತಿತ ವಾಹನವು ಆ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಅದು ಮಾರ್ಪಾಡನ್ನು ಕಾನೂನುಬದ್ಧಗೊಳಿಸುವುದಿಲ್ಲ. ಅಪಘಾತ ಅಥವಾ ಬೆಂಕಿಯ ಸಂದರ್ಭದಲ್ಲಿ, ತಿಳಿಸದೆ ಮಾಡಿದ ಮಾರ್ಪಾಡನ್ನು ಕಾರಣವಾಗಿಟ್ಟು ವಿಮೆಯ ಪರಿಹಾರವನ್ನು ನಿರಾಕರಿಸುವ ಸಾಧ್ಯತೆಯೂ ಇದೆ.

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಪ್ರದೇಶ

ಬೆಳಗಾವಿ ಜಿಲ್ಲೆಯ ಗೋಕಾಕ, ಅದರಿಂದ ಬೇರ್ಪಟ್ಟು ರಚನೆಯಾದ ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳು ಘಟಪ್ರಭಾ ನದಿಯ ನೀರಾವರಿಗೆ ಒಳಪಟ್ಟ ಕಬ್ಬು ಬೆಳೆಯುವ ಪ್ರದೇಶಗಳಾಗಿವೆ. ಹಿಡಕಲ್ ಜಲಾಶಯ ಮತ್ತು ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಹುಕ್ಕೇರಿ ತಾಲ್ಲೂಕಿನಲ್ಲಿವೆ. ಗೋಕಾಕದಲ್ಲಿ ನೋಂದಣಿಯಾಗುವ ವಾಹನಗಳಿಗೆ ಕೆಎ-49 ಸಂಕೇತವಿದೆ. ಎಥನಾಲಿನ ಮೂಲಗಳಲ್ಲಿ ಕಬ್ಬೂ ಒಂದಾಗಿರುವುದರಿಂದ, ಇಲ್ಲಿನ ರೈತ ಬೆಳೆದ ಬೆಳೆ ಮತ್ತು ಅವನ ಮೋಟಾರ್‌ಸೈಕಲ್‌ನ ಜೆಟ್ ಇಂದು ಒಂದೇ ಲೆಕ್ಕದೊಳಗೆ ಬರುತ್ತವೆ.

ಇಂತಹ ಕೃಷಿ ಪ್ರದೇಶದಲ್ಲಿ ಮೋಟಾರ್‌ಸೈಕಲ್ ಹಾಲಿನ ಕ್ಯಾನು, ಮೇವಿನ ಹೊರೆ ಮತ್ತು ಗೊಬ್ಬರದ ಚೀಲಗಳನ್ನು ಹೊರುವ ದುಡಿಮೆಯ ವಾಹನ. ಒಂದು ದಿನ ಅದು ನಿಂತರೆ ಬೆಳಗಿನ ಹಾಲು ಡೇರಿಗೆ ತಲುಪುವುದಿಲ್ಲ. ಸ್ಥಳೀಯವಾಗಿ ಅಂದೇ ದುರಸ್ತಿಯಾಗುವ ವಾಹನದ ಬಯಕೆಯನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕಾಗುತ್ತದೆ. ಬೇಸಿಗೆಯ ಧೂಳು ಮತ್ತು ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು ಎರಡೂ ವ್ಯವಸ್ಥೆಗಳನ್ನು ಬಾಧಿಸುತ್ತವೆ: ಇಂಜೆಕ್ಷನ್ ವಾಹನದಲ್ಲಿ ವೈರಿಂಗ್ ಜೋಡಣೆಗಳಿಗೆ ತೇವ ಸೇರುತ್ತದೆ, ಕಾರ್ಬ್ಯುರೇಟರ್ ವಾಹನದಲ್ಲಿ ಜೆಟ್‌ಗಳು ಕಟ್ಟಿಕೊಳ್ಳುತ್ತವೆ.

2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭಾ ನದಿಯ ಪ್ರವಾಹ ಗೋಕಾಕ ಪಟ್ಟಣದ ತಗ್ಗು ಪ್ರದೇಶಗಳನ್ನು ಮುಳುಗಿಸಿತ್ತು. ನೀರಿನಲ್ಲಿ ಮುಳುಗಿದ ವಾಹನದಲ್ಲಿ ಯಾವ ವ್ಯವಸ್ಥೆ ಇದ್ದರೂ, ಸ್ವಿಚ್ ಹಾಕುವ ಮೊದಲು ಬ್ಯಾಟರಿಯ ಸಂಪರ್ಕ ತೆಗೆದು, ಟ್ಯಾಂಕ್ ಹಾಗೂ ಎಂಜಿನ್ ಆಯಿಲ್ ಖಾಲಿ ಮಾಡಿ, ವೈರಿಂಗ್ ಜೋಡಣೆಗಳನ್ನು ಒಣಗಿಸಬೇಕು. ಒದ್ದೆಯಾದ ಇಸಿಯುವಿಗೆ ವಿದ್ಯುತ್ ಹರಿಸುವುದರಿಂದ, ಒಣಗಿಸಿ ಉಳಿಸಬಹುದಾಗಿದ್ದ ಘಟಕವೂ ಹಾಳಾಗುತ್ತದೆ.

ಪರ್ಯಾಯಗಳು

ಪರಿವರ್ತನೆಗೆ ಮುಂದಾಗುವ ಮೊದಲು ಪರಿಶೀಲಿಸಬಹುದಾದ ಅಂಶಗಳು ಹೀಗಿವೆ:

- ಬ್ಯಾಟರಿಯ ಸ್ಥಿತಿ ಮತ್ತು ಅದರ ತುದಿಗಳ ಸ್ವಚ್ಛತೆ. ಇಂಜೆಕ್ಷನ್ ದೋಷವೆಂದು ಭಾವಿಸಲಾಗುವ ಅನೇಕ ತೊಂದರೆಗಳು ದುರ್ಬಲ ಬ್ಯಾಟರಿಯಿಂದಲೇ ಬರುತ್ತವೆ.
- ಸ್ವಿಚ್ ಹಾಕಿದಾಗ ಪಂಪು ಕೆಲವು ಕ್ಷಣ ಸದ್ದು ಮಾಡುವುದೇ ಎಂಬುದು. ಸದ್ದಿಲ್ಲದಿದ್ದರೆ ಫ್ಯೂಸ್, ರಿಲೇ ಮತ್ತು ವೈರಿಂಗನ್ನು ಮೊದಲು ನೋಡಬೇಕು.
- ಪಂಪಿನ ಜಾಲರಿ ಮತ್ತು ಇಂಜೆಕ್ಟರಿನ ಸ್ವಚ್ಛತೆ.
- ಎಂಜಿನ್ ಎಚ್ಚರಿಕೆ ದೀಪ ಮಿನುಗುವ ಕ್ರಮ. ಅನೇಕ ಮಾದರಿಗಳಲ್ಲಿ ದೀಪ ಎಷ್ಟು ಬಾರಿ ಮಿನುಗುತ್ತದೆ ಎಂಬುದೇ ದೋಷದ ಸಂಕೇತವಾಗಿದ್ದು, ಸೇವಾ ಕೈಪಿಡಿಯ ನೆರವಿನಿಂದ ಉಪಕರಣವಿಲ್ಲದೆಯೂ ಅದನ್ನು ಓದಬಹುದು.
- ಟ್ಯಾಂಕಿನಲ್ಲಿ ಯಾವಾಗಲೂ ಸ್ವಲ್ಪ ಪೆಟ್ರೋಲ್ ಉಳಿಸಿಕೊಳ್ಳುವುದು. ಪಂಪು ತಾನು ಮುಳುಗಿರುವ ಪೆಟ್ರೋಲಿನಿಂದಲೇ ತಣ್ಣಗಾಗುವುದರಿಂದ, ಪದೇ ಪದೇ ಟ್ಯಾಂಕ್ ಬರಿದಾದರೆ ಅದರ ಆಯುಷ್ಯ ಕುಗ್ಗುತ್ತದೆ.

ಮೊದಲಿನಿಂದಲೂ ಕಾರ್ಬ್ಯುರೇಟರ್ ಹೊಂದಿದ್ದ, ನೋಂದಣಿ ಚಾಲ್ತಿಯಲ್ಲಿರುವ ಹಳೆಯ ಮೋಟಾರ್‌ಸೈಕಲ್ಲನ್ನು ಕೊಳ್ಳುವುದು ಕಾನೂನಿನ ತೊಡಕಿಲ್ಲದ ಮತ್ತೊಂದು ಮಾರ್ಗ. ಪರಿವರ್ತನೆ ಮಾಡಿಸಿದವರು ತೆಗೆದ ಪಂಪು, ಇಸಿಯು, ಥ್ರಾಟಲ್ ಬಾಡಿ ಮತ್ತು ಮ್ಯಾಗ್ನೆಟ್‌ಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದರೆ ವಾಹನವನ್ನು ಮೂಲ ಸ್ಥಿತಿಗೆ ತರುವುದು ಸುಲಭವಾಗುತ್ತದೆ.

ಇವನ್ನೂ ನೋಡಿ

- ಕಾರ್ಬ್ಯುರೇಟರ್
- ಫ್ಯೂಯೆಲ್ ಇಂಜೆಕ್ಷನ್
- ಭಾರತ್ ಸ್ಟೇಜ್ ಹೊಗೆ ಮಾನದಂಡಗಳು
- ಎಥನಾಲ್ ಇಂಧನ
- ಘಟಪ್ರಭಾ ನದಿ